ಸೈಕಲ್ ಸಾಮಾನಿಗೆ ಮಂಡ್ಯಕ್ಕೆ ಹೋದಾಗ

ಮನೆಯಲ್ಲಿ ಸುಮ್ಮನೆ ಕೂತವರಿಗೆ ಇಂಥದ್ದೆಲ್ಲ ಆಗೋದಿಲ್ಲವೇನೋ. ಸೈಕಲ್ ಸಾಮಾನು ಹುಡುಕಿಕೊಂಡು ಹೊರಟ ನನಗಂತೂ ಆಗುತ್ತಲೇ ಇರುತ್ತೆ. ಮದ್ದೂರಿನಿಂದ ನಮ್ಮ ಲಗೇಜ್ ಆಟೊ ಹೊರಟರೆ ಗೆಜ್ಜಲಗೆರೆಯ ಫ್ಯಾಕ್ಟರಿ ಗೇಟು, ಹಲಗೂರಿನ ಬಸ್ ಸ್ಟಾಪು, ಮಳವಳ್ಳಿಯ ಬೀದಿಗಳು, ಹೀಗೆ ಸೈಕಲ್ ಇರೋ ಕಡೆಗೇ ಹೋಗಿ ರಿಪೇರಿ ಮಾಡ್ತೀವಿ. ಆಟೊ ಓಡಿಸೋದು ನಮ್ಮ ಯಜಮಾನರು, ರಿಪೇರಿ ನಾನು. ಅಪ್ಪನಿಗೆ ಮಳವಳ್ಳಿಯಲ್ಲಿ ಸೈಕಲ್ ಶಾಪಿತ್ತು, ಕೆಲಸ ಅಲ್ಲೇ ಕಲಿತೆ. ಜನ ಮಾತ್ರ ಸೈಕಲ್ ತಂದು ನಮ್ಮವರ ಮುಂದೆ ನಿಲ್ಲಿಸಿ, ಚೈನು ಕಳಚುತ್ತೆ, ಬ್ರೇಕು ಹಿಡಿಯಲ್ಲ ಅಂತ ಪೂರ್ತಿ ಕಥೆ ಹೇಳ್ತಾರೆ. ಇವರು ಕೊನೇತನಕ ಕೇಳಿಸಿಕೊಂಡು, "ನಂಗೆ ಸೈಕಲ್ ತುಳಿಯಕ್ಕೂ ಬರಲ್ಲ ಕಣಣ್ಣ," ಅಂತಾರೆ.

ಗೋಡೌನು

ಸಾಮಾನನ್ನು ಹೋಲ್‌ಸೇಲಿನಲ್ಲೇ ತರಬೇಕು ಅಂತ ಮೊದಲ ಸಲ ಮಂಡ್ಯಕ್ಕೆ ಹೋದೆ. ಅಂಗಡಿ ನೋಡಿದರೆ ಬೀಡಾ ಅಂಗಡಿಯಷ್ಟೇ ಇತ್ತು. ಇಷ್ಟೇನಾ ಅಂದುಕೊಳ್ಳುವಷ್ಟರಲ್ಲಿ ಸಾವ್ಕಾರರು ಹಿಂದಿನ ಬಾಗಿಲು ತೆಗೆದು, ಬೇಕಾದ್ದು ಆರಿಸಿಕೊಳ್ಳಮ್ಮ ಅಂದರು.

ಒಳಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟೆ. ಮಾಡಿನಿಂದ ನೆಲದವರೆಗೂ ಟೈರುಗಳ ಹಾರ. ಗೋಡೆಗೆ ಒರಗಿದ ರಿಮ್ಮುಗಳ ಮೇಲೆ ಕಿಟಕಿಯ ಬಿಸಿಲು ಬಿದ್ದು ಕಣ್ಣು ಕೋರೈಸುತ್ತಿತ್ತು. ಪೆಡಲ್ಲುಗಳದೇ ಒಂದು ಗುಡ್ಡ, ನೆಲದ ಮೇಲೆ ಚೆಲ್ಲಿದ ಚಕ್ರದ ಕಡ್ಡಿಗಳು. ಹೊಸ ರಬ್ಬರಿನ ವಾಸನೆ. ಅಪ್ಪ ಒಂದೊಂದೇ ಟ್ಯೂಬನ್ನು ಚಿನ್ನದ ಹಾಗೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದವರು. ಇದನ್ನು ಅವರು ನೋಡಬೇಕಿತ್ತು ಅನ್ನಿಸಿತು. ಯಾವಾಗ ಹಿಂದಕ್ಕೆ ಬಂದು ಚಪ್ಪಲಿ ಬಿಟ್ಟೆನೋ, ಯಾವಾಗ ಸೆರಗು ಹೊದ್ದು ಕೈ ಮುಗಿದೆನೋ, ನನಗೇ ತಿಳಿಯದು.

ಸಾವ್ಕಾರರು ಒಂದು ಗಳಿಗೆ ನೋಡಿ ಮೆತ್ತಗೆ ಹೇಳಿದರು: "ಚಪ್ಲಿ ಮೆಟ್ಕಳವ್ವ. ಒಳಗೆ ದೇವ್ರಿಲ್ಲ, ಕಾಲ್ಗೆ ಕಡ್ಡಿ ಚುಚ್ತವೆ."

ಬೆಲ್ಲು

ಒಂದು ದಿನ ಆಟೊ ಗ್ಯಾರೇಜಿನಲ್ಲಿತ್ತು. ಮಂಡ್ಯದಲ್ಲಿ ಒಂದು ಡಬ್ಬದ ತುಂಬ ಸೈಕಲ್ ಬೆಲ್ಲು ಕೊಂಡು, ಗೋಣಿಚೀಲದಲ್ಲಿ ಸುತ್ತಿ, ಮದ್ದೂರಿನ ಬಸ್ಸು ಹತ್ತಿ ಡ್ರೈವರ್ ಸೀಟಿನ ಹಿಂದೆ ಇಟ್ಟು ಕೂತೆ. ರಸ್ತೆಯಲ್ಲಿ ಹಂಪು ಬಂದಾಗಲೆಲ್ಲ ಚೀಲದೊಳಗೆ ಟ್ರಿಣ್ ಅನ್ನೋದು. ಡ್ರೈವರು ಕನ್ನಡಿ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಡೋದು. ಯಾರೂ ಮುಂದೆ ಹೋಗುತ್ತಿರಲಿಲ್ಲ. ಮತ್ತೆ ಹಂಪು, ಮತ್ತೆ ಟ್ರಿಣ್, ಮತ್ತೆ ದಾರಿ.

ಗೆಜ್ಜಲಗೆರೆ ದಾಟಿದ ಮೇಲೆ ಡ್ರೈವರು ಕಂಡಕ್ಟರನ್ನು ಕರೆದರು. ಯಾವನೋ ಒಬ್ಬ ಮಂಡ್ಯದಿಂದ ಬಸ್ಸಿನ ಸಮಕ್ಕೆ ಸೈಕಲ್ ತುಳಿಯುತ್ತಿದ್ದಾನೆ, ತಾನು ಇಷ್ಟು ವರ್ಷದ ಸರ್ವಿಸಿನಲ್ಲಿ ಅಂಥ ಕಾಲು ಕಂಡಿಲ್ಲ ಅಂದರು. ನಿಜ ಹೇಳೋಣ ಅಂತ ನಾನು ಬಾಯಿ ತೆರೆದೆ. ಆದರೆ ಆ ಮುಖದಲ್ಲಿದ್ದ ಭಕ್ತಿ ನೋಡಿ ಮನಸ್ಸು ಬರಲಿಲ್ಲ. ಕಂಡಕ್ಟರು ಹಿಂದಿನ ಬಾಗಿಲಲ್ಲಿ ಬಗ್ಗಿ ನೋಡಿ ಬಂದು, ರಸ್ತೆಯಲ್ಲಿ ಒಂದು ಸೈಕಲ್ಲೂ ಕಾಣಿಸುತ್ತಿಲ್ಲ ಅಂದ.

"ಕಣ್ಗೆ ಕಾಣೋ ಇಸ್ಪೀಡಾಗಿದ್ರೆ ನಿನ್ನ ಯಾಕ್ಲಾ ಕರೀತಿದ್ದೆ?" ಅಂದರು ಡ್ರೈವರು.

ಬ್ಲಫಿನ ತಾತ

ಮಳವಳ್ಳಿಯಿಂದಾಚೆ, ನೀರಿನಿಂದ ಕರೆಂಟು ತೆಗೆಯೋ ಬ್ಲಫ್ ಅನ್ನೋ ಊರಿನಲ್ಲಿ ಅದೇ ಕೆಲಸದಿಂದ ರಿಟೈರಾದ ತಾತ ಒಬ್ಬರಿದ್ದಾರೆ. ಅವರದು ಹಳೇ ವಿಲಾಯ್ತಿ ಸೈಕಲ್ಲು. ಅದರ ಹಿಂದಿನ ಚಕ್ರದ ಆಕ್ಸೆಲ್ ಮುರಿದಿತ್ತು. ಮಳವಳ್ಳಿಯಲ್ಲೂ ಮದ್ದೂರಿನಲ್ಲೂ ಅಂಗಡಿಯವರು ಇದು ಸಿಗೋ ಮಾಲಲ್ಲ, ಗುಜರಿಗೆ ಹಾಕಿ ಅಂದಿದ್ದರಂತೆ. ತಾತ ಬೇರೆ ಸೈಕಲ್ ಬೇಡ ಅಂತ ಹಟ ಹಿಡಿದು ಮನೆಯಲ್ಲೇ ಕೂತಿದ್ದರು.

ನಾನು ಬಿಚ್ಚಿ ನೋಡುತ್ತಿದ್ದಾಗ ಅವರ ಹೆಂಡತಿ, ಅಜ್ಜಿ, ಕಾಫಿ ನೆಪದಲ್ಲಿ ಒಳಗೆ ಕರೆದರು. ಸೈಕಲ್ ನಿಂತಾಗಿನಿಂದ ಈ ಮನುಷ್ಯ ಅಡಿಗೆಮನೆ ಬಿಟ್ಟು ಕದಲುತ್ತಿಲ್ಲ, ಬೇಳೆ ಬೆಂದಿಲ್ಲ ಅಂತಾರೆ, ಒಗ್ಗರಣೆ ಸೀದಿದೆ ಅಂತಾರೆ, ಮುದ್ದೆ ತಿರುವೋದು ಹೇಗೆ ಅಂತ ತನಗೇ ಹೇಳಿಕೊಡ್ತಾರೆ ಅಂತ ಕಣ್ಣಲ್ಲಿ ನೀರು ಹಾಕಿಕೊಂಡರು. "ಎಂಗಾದ್ರೂ ಮಾಡಿ ಅದ ಓಡಂಗ್ ಮಾಡವ್ವ. ಇಲ್ದಿದ್ರೆ ತೌರ್ಗೆ ಒಂಟೋಯ್ತೀನಿ. ಅಲ್ಲಿ ಯಾರೂ ಇಲ್ಲ, ಆದ್ರೂ ಓಯ್ತೀನಿ."

ಮುರಿದ ತುಂಡು ಹಿಡಿದು ಮಂಡ್ಯಕ್ಕೆ ಹೋದೆ. ಸಾವ್ಕಾರರು ಅದನ್ನು ಅಂಗೈಯಲ್ಲಿ ಹೊರಳಿಸಿ, ಏಣಿ ಹಾಕಿ ಅಟ್ಟ ಹತ್ತಿದರು. ಬಂದ ಗಿರಾಕಿಗಳೆಲ್ಲ ಕಾದು ಕಾದು ಹೋದರು. ಬಹಳ ಹೊತ್ತಿನ ಮೇಲೆ ತಲೆ ತುಂಬ ಜೇಡರ ಬಲೆ ಹೊತ್ತು ಇಳಿದು, ಒಂದು ಎಣ್ಣೆ ಕಾಗದದ ಪೊಟ್ಟಣ ಬಿಚ್ಚಿದರು. ಅದೇ ಆಕ್ಸೆಲ್, ತುಕ್ಕಿನ ಚುಕ್ಕಿಯೂ ಇಲ್ಲದೆ ಹೊಳೆಯುತ್ತಿತ್ತು. ಸಾವ್ಕಾರರ ತಂದೆ ಎತ್ತಿಟ್ಟಿದ್ದಂತೆ, ಯಾರಾದರೂ ಕೇಳಿಕೊಂಡು ಬಂದೇ ಬರ್ತಾರೆ ಅಂತ.

ಬ್ಲಫಿಗೆ ತಂದು ಹಾಕಿದೆ. ಚಕ್ರ ತಿರುಗಿಸಿದರೆ ಸದ್ದೇ ಇಲ್ಲ. ತಾತ ಪಂಚೆ ಎತ್ತಿ ಕಟ್ಟಿ, ಹತ್ತಿ, ಯಾರ ಕಡೆಗೂ ನೋಡದೆ ಹೊರಟರು. ಇಳಿಜಾರಿನಲ್ಲಿ ಅವರ ಬಿಳೀ ಷರ್ಟು ಗಾಳಿ ತುಂಬಿಕೊಂಡು ಹೋಗುತ್ತಿದ್ದರೆ ಬೀದಿಯ ಜನ ಜಗಲಿಗೆ ಬಂದು ನೋಡಿದರು. ನಮ್ಮ ಯಜಮಾನರಂತೂ, ತಾವೂ ಸೈಕಲ್ ಕಲಿಯಬೇಕು ಅಂದರು.

ಅಜ್ಜಿ ಗೇಟಿನಲ್ಲಿ ನಿಂತು, ಗಂಡ ತಿರುವಿನಲ್ಲಿ ಮರೆಯಾಗುವ ತನಕ ಕೈ ಮುಗಿದುಕೊಂಡೇ ಇದ್ದರು. ಆಮೇಲೆ ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ ಕೇಳಿದರು:

"ಅವ್ವಾ, ಆ ಆಕ್ಸೆಲ್ಲು ಓಲ್‌ಸೇಲಲ್ಲಿ ಸಿಕ್ತದಾ? ಸಿಕ್ರೆ ನಂಗೊಂದು ಡಜನ್ ತಂದ್ಕೊಟ್ಬುಡು."