ಚಿಕ್ಕಮ್ಮನ ಸಿಲಿಂಡರ್

ನನ್ನ ಚಿಕ್ಕಮ್ಮನಿಗೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ರೀತಿ ಯಾರ ಮೇಲೆ ಎಂದು ಕೇಳಿದರೆ ನೀವು ಚಿಕ್ಕಪ್ಪನ ಮೇಲೆ ಎನ್ನುತ್ತೀರಿ. ಹಾಗೆ ಎನ್ನುವವರು ವಡಾಲದ ಅವಳ ಮನೆಗೆ ಒಮ್ಮೆಯೂ ಹೋದವರಲ್ಲ! ಆ ಮನೆಯಲ್ಲಿ ಮೊದಲ ಸ್ಥಾನ ಅಡುಗೆಮನೆಯ ಮೂಲೆಯಲ್ಲಿ ಕೆಂಪಗೆ, ಗುಂಡಗೆ ನಿಂತಿರುವ ಗ್ಯಾಸ್ ಸಿಲಿಂಡರಿಗೆ. ಎರಡನೇ ಸ್ಥಾನ ಅದರ ಪಕ್ಕದಲ್ಲಿ ತುಂಬಿ ಕಾಯುತ್ತಿರುವ ಇನ್ನೊಂದು ಸಿಲಿಂಡರಿಗೆ. ಚಿಕ್ಕಪ್ಪನದು ಮೂರನೆಯದು. "ಮೂರನೆಯದ್ದಾದ್ರೂ ಉಂಟಲ್ಲ ಮಾರಾಯ್ತಿ" ಎಂದು ಅವರು ನನ್ನ ಹತ್ತಿರ ಸಮಾಧಾನದಿಂದಲೇ ಹೇಳುತ್ತಾರೆ. ಬೈಕುಲ್ಲಾದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಆಯುಷ್ಯ ಕಳೆದವರಿಗೆ ತಾಳ್ಮೆಯನ್ನು ಬೇರೆ ಯಾರು ಕಲಿಸಬೇಕು?

ಸಿಲಿಂಡರ್ ಬರುವ ದಿನ ಚಿಕ್ಕಮ್ಮನ ಸಡಗರ ನೋಡಬೇಕು! ಬೆಳಿಗ್ಗೆಯೇ ಸ್ನಾನ, ಬಾಗಿಲ ಮುಂದೆ ನೀರು ಹಾಕಿ ಒರೆಸುವುದು, ತರುವವನಿಗೆ ಮಜ್ಜಿಗೆ. ಮೊಮ್ಮಗನ ನಾಮಕರಣಕ್ಕೂ ಇಷ್ಟು ಓಡಾಡಿದವಳಲ್ಲ. ತರುವವನು ಸಿಲಿಂಡರನ್ನು ಧಡ್ಡೆಂದು ಕೆಳಗಿಟ್ಟರೆ ಇವಳ ಎದೆಗೇ ಪೆಟ್ಟು. "ಅರೇ ಧೀರೇ ಭೈಯ್ಯಾ! ಪೆಟ್ಟಾಗ್ತದೆ ಅದಕ್ಕೆ!" ಅರ್ಧ ಹಿಂದಿ, ಅರ್ಧ ಉಡುಪಿ. ಅವನಿಗೆ ಎರಡೂ ಅರ್ಥವಾಗುತ್ತಿತ್ತು. ಆಮೇಲೆ ತೂಕ ಮಾಡಿಸುವುದು, ಸಾಬೂನು ನೊರೆ ಹಚ್ಚಿ ಸೋರುತ್ತದೆಯೇ ಎಂದು ನೋಡುವುದು, ಕೊನೆಗೊಂದು ಕುಂಕುಮದ ಬೊಟ್ಟು. ಎಷ್ಟು ಗ್ಯಾಸ್ ಉಳಿದಿದೆ ಎಂದು ತಿಳಿಯಲು ಅದಕ್ಕೆ ಒದ್ದೆ ಬಟ್ಟೆ ಸುತ್ತಿ, ಬಿಚ್ಚಿ, ಎಲ್ಲಿಯವರೆಗೆ ತೇವ ಆರಿದೆ ಎಂದು ಕನ್ನಡಕ ಏರಿಸಿ ಪರೀಕ್ಷಿಸುತ್ತಾಳೆ. ಚಿಕ್ಕಪ್ಪನಿಗೆ ಜ್ವರ ಬಂದಾಗ ಇಷ್ಟು ಶ್ರದ್ಧೆಯಿಂದ ಒದ್ದೆ ಬಟ್ಟೆ ಹಾಕಿದ್ದನ್ನು ನಾನು ಕಂಡಿಲ್ಲ!

ಇಂಥವಳ ಕಿವಿಗೆ ಸಿಲಿಂಡರ್ ಎಂಬ ಪದ ಎಲ್ಲಿಂದ ಬಿದ್ದರೂ ಅದು ತನ್ನದೇ ಸಿಲಿಂಡರ್. ಒಮ್ಮೆ ಚಿಕ್ಕಪ್ಪನ ಹಳೇ ಸ್ಕೂಟರ್ ನಡುದಾರಿಯಲ್ಲಿ ಕೆಮ್ಮಿ ನಿಂತಿತು. ಅವರು ಗ್ಯಾರೇಜಿನಿಂದಲೇ ಫೋನು ಮಾಡಿ, "ಸಿಲಿಂಡರ್ ಹೋಯ್ತು, ನಾನು ಬರ್ಲಿಕ್ಕೆ ತಡ ಆಗ್ತದೆ" ಎಂದರು. ಚಿಕ್ಕಮ್ಮ ಫೋನನ್ನು ಹಾಗೇ ಬಿಟ್ಟು ಅಡುಗೆಮನೆಗೆ ಓಡಿದಳು. ಎರಡನ್ನೂ ಮುಟ್ಟಿ ನೋಡಿ ಬಂದು, "ಎಲ್ಲಿ ಹೋಗಿದೆ? ಇಲ್ಲೇ ಉಂಟಲ್ಲ! ಸುಮ್ಮನೆ ಎಂತಕ್ಕೆ ಹೆದರಿಸುದು ನೀವು!" ಎಂದು ಗದರಿಸಿ ಫೋನು ಇಟ್ಟಳು. ಗಂಡ ಎಲ್ಲಿದ್ದಾರೆ, ಹೇಗೆ ಬರುತ್ತಾರೆ, ಉಹುಂ, ಒಂದು ಮಾತಿಲ್ಲ!

ಕಣ್ಣಿನ ಪರೀಕ್ಷೆಗೆ ಅವಳನ್ನು ಕರೆದುಕೊಂಡು ಹೋದವಳು ನಾನೇ. ನಮ್ಮ ಮನೆ ವಿಲೆ ಪಾರ್ಲೆಯಲ್ಲಿ. ಹಾರ್ಬರ್ ಲೈನಿನ ಲೋಕಲ್ ರೈಲು ಹಿಡಿದು ಅಲ್ಲಿಗೆ ಬಂದಳು. ಕನ್ನಡಕದ ಅಂಗಡಿಯ ಹುಡುಗಿ ಯಂತ್ರದೊಳಗೆ ಇಣುಕಿಸಿ ಮೆತ್ತಗೆ, "ಆಂಟೀ, ಆಪ್‌ಕೋ ಸಿಲಿಂಡರ್ ಹೈ" ಎಂದಳು.

ಚಿಕ್ಕಮ್ಮನ ಮುಖ ಅರಳಿತು. "ಹೈ ನಾ! ದೋ ಹೈ! ಎರಡುಂಟು!"

"ಹಾಂ ಆಂಟೀ, ದೋನೋಂ ಮೇ ಹೈ" ಎಂದಳು ಹುಡುಗಿ, ಎರಡೂ ಕಣ್ಣುಗಳನ್ನು ತೋರಿಸಿ.

"ಏಕ್ ಭರಾ ಹುವಾ ಹೈ, ಏಕ್ ಆಧಾ!" ಒಂದು ತುಂಬಿದ್ದು, ಒಂದು ಅರ್ಧ ಎಂದು ಲೆಕ್ಕವನ್ನೂ ಕೊಟ್ಟಳು.

ಕನ್ನಡಕದ ನಂಬರಿನಲ್ಲೂ ಸಿಲಿಂಡರ್ ಎಂಬುದೊಂದು ಇದೆ ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೂ ಆ ಹುಡುಗಿಗೂ ನಕ್ಕು ನಕ್ಕು ಕಣ್ಣಲ್ಲಿ ನೀರು. ಚಿಕ್ಕಮ್ಮನಿಗೋ, ಹೆಮ್ಮೆ! ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ, "ಕೇಳಿದ್ರಾ? ನನ್ನ ಕಣ್ಣಲ್ಲೂ ಸಿಲಿಂಡರ್ ಉಂಟಂತೆ!" ಎಂದು ಘೋಷಿಸಿದಳು.

ಚಿಕ್ಕಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ನನಗೆ ಮದುವೆ ಆದ ದಿನವೇ ಗೊತ್ತಾಗಿದೆ. ನೀನು ನೋಡಿದ್ರೆ ಬೆಂಕಿ!"

ನನ್ನ ಮಗಳು ಚಿಕ್ಕಮ್ಮನ ಮನೆಯಲ್ಲಿ ಕುಳಿತು ಗಣಿತ ಮಾಡಿದ್ದು ಇನ್ನೊಂದು ಕಥೆ. ನಮ್ಮ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ತುಂಡು ತುಂಡಾಗಿ. "ಅಜ್ಜೀ, ಈ ಸಿಲಿಂಡರ್ ಒಳಗೆ... ಕಿತನಾ ಹಿಡೀತದೆ, ಅದು ಕಂಡು ಹಿಡಿಬೇಕು" ಎಂದಳಂತೆ. ಅಜ್ಜಿ ಪುಸ್ತಕದ ಚಿತ್ರ ನೋಡಿ ಮೂಗು ಮುರಿದಳು. "ಇದಕ್ಕೆ ಹಿಡಿ ಇಲ್ಲ, ವಾಲ್ವ್ ಇಲ್ಲ, ಇದೆಂಥ ಸಿಲಿಂಡರ್! ಅದಕ್ಕೆ ಲೆಕ್ಕ ಯಾಕೆ? ಹದಿನಾಲ್ಕು ಕೇಜಿ ಇನ್ನೂರು ಗ್ರಾಮ್. ಬರೆ!" ಮಗು ಬರೆಯಿತು. ಟೀಚರ್ ಎಳೆದ ಕೆಂಪು ಗೆರೆ ಪುಟದಿಂದ ಹೊರಗೇ ಹೋಗಿತ್ತು.

ಹೀಗಿರುವಾಗ ಅವಳ ಬಿಲ್ಡಿಂಗಿಗೆ ಪೈಪಿನ ಗ್ಯಾಸ್ ಬಂತು! ಎಲ್ಲರಿಗೂ ಹಬ್ಬ, ಚಿಕ್ಕಮ್ಮನಿಗೆ ಸೂತಕ. ಸೊಸೈಟಿಯ ಮೀಟಿಂಗಿನಲ್ಲಿ ಎದ್ದು ನಿಂತು, ಪೈಪಿನ ಗ್ಯಾಸ್ ಕಣ್ಣಿಗೆ ಕಾಣುವುದಿಲ್ಲ, ನನಗೆ ಬೇಡ ಎಂದಳಂತೆ. ಸೆಕ್ರೆಟರಿ ಎದುರು ಮನೆಯವರೇ, ಮರಾಠಿಯವರು. "ಸಿಲಿಂಡರ್ ಕೆ ಅಂದರ್ ಕಾ ಗ್ಯಾಸ್ ದಿಖತಾ ಹೈ ಕ್ಯಾ, ಭಾಭೀ?" ಎಂದು ಕೇಳಿದರು.

"ಸಿಲಿಂಡರ್ ತೋ ದಿಖತಾ ಹೈ ನಾ!"

ಒಳಗಿನ ಗ್ಯಾಸ್ ಕಾಣದಿದ್ದರೂ ಸಿಲಿಂಡರ್ ಕಾಣುತ್ತದಲ್ಲ ಎಂಬ ಈ ತರ್ಕ ಕೇಳಿ ಸೆಕ್ರೆಟರಿ ಮುಂದಿನ ವಿಷಯಕ್ಕೆ ಹೋದರು. ಕೊನೆಗೆ ಚಿಕ್ಕಪ್ಪನ ಕಾಟಕ್ಕೆ ಪೈಪು ಹಾಕಿಸಿಕೊಂಡಳು, ಒಂದು ಸಿಲಿಂಡರನ್ನು ವಾಪಸು ಕೊಟ್ಟಳು. ಇನ್ನೊಂದನ್ನು ಮಾತ್ರ ಹಳೇ ಒಲೆಯ ಸಮೇತ ಬಿಡಲೇ ಇಲ್ಲ. "ಒಂದು ದಿನ ಪೈಪು ಬಂದ್ ಆಗ್ತದೆ. ಆವತ್ತು ಇಡೀ ಬಿಲ್ಡಿಂಗು ಪಾತ್ರೆ ಹಿಡ್ಕೊಂಡು ನನ್ನ ಬಾಗಿಲಿಗೆ ಬರ್ಬೇಕು, ನೋಡ್ತಾ ಇರು!" ಎಂದು ನನಗೆ ಫೋನು ಮಾಡಿದಾಗಲೆಲ್ಲ ಹೇಳುವಳು. ಆ ದಿನ ಸೆಕ್ರೆಟರಿಗೆ ಏನೇನು ಹೇಳಬೇಕೆಂಬುದನ್ನೂ ತಯಾರು ಮಾಡಿಟ್ಟಿದ್ದಳು. ಮೊದಲು ನಗುವುದು, ಆಮೇಲೆ ಕುಳಿತುಕೊಳ್ಳಿ ಎನ್ನುವುದು, ಆಮೇಲೆ ಬಯ್ಯುವುದು!

ಕೊನೆಗೂ ಆ ದಿನ ಬಂತು! ರಸ್ತೆ ಅಗೆಯುವಾಗ ಎಲ್ಲೋ ಪೈಪಿಗೆ ಏಟು ಬಿದ್ದು ಗ್ಯಾಸ್ ನಿಂತಿತು. ಅದೂ ಎಂಥ ಭಾನುವಾರ? ಸೆಕ್ರೆಟರಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ಭಾನುವಾರ! ನಾನು ಆಗಷ್ಟೇ ಬಂದು ಕುಳಿತಿದ್ದೆ. ಕರೆಗಂಟೆ ಬಾರಿಸಿತು. ಬಾಗಿಲಲ್ಲಿ ಸೆಕ್ರೆಟರಿ, ಅವರ ಹಿಂದೆ ಅವರ ಹೆಂಡತಿ, ಹಿಂದೆ ಮೆಟ್ಟಿಲ ತುಂಬ ನೆರೆಹೊರೆ. ಕೈಯಲ್ಲಿ ನಿಜಕ್ಕೂ ಪಾತ್ರೆಗಳು! ನನಗೆ ಕುಣಿಯುವಷ್ಟು ಖುಷಿ.

"ಭಾಭೀ, ಆಜ್ ಆಪ್‌ಕೇ ಸಿಲಿಂಡರ್ ಕಾ ಹೀ ಸಹಾರಾ ಹೈ" ಎಂದು, ಇವತ್ತಿಗೆ ಅದೊಂದೇ ಗತಿ ಎಂಬಂತೆ, ಸೆಕ್ರೆಟರಿ ಕೈ ಮುಗಿದರು.

ಚಿಕ್ಕಮ್ಮ ನಗಲಿಲ್ಲ. ಕುಳಿತುಕೊಳ್ಳಿ ಎನ್ನಲಿಲ್ಲ. ಸೆರಗಿನ ತುದಿ ತಿರುವುತ್ತ, "ಖಾಲಿ ಹೈ" ಎಂದಳು.

ಅದನ್ನು ಕೇಳಿ ಮೆಟ್ಟಿಲುಗಳ ಮೇಲೆ ನಗು ಎದ್ದಿತು ನೋಡಿ! "ಆಪ್‌ಕಾ ಸಿಲಿಂಡರ್? ಖಾಲಿ?" ಎಂದು ಸೆಕ್ರೆಟರಿ ಮತ್ತೆ ಮತ್ತೆ ಕೇಳಿದರು. ಇಷ್ಟು ಬೊಬ್ಬೆ ಹಾಕಿದ್ದು ಖಾಲಿ ಡಬ್ಬಕ್ಕಾಗಿಯೇ ಎಂದು ಯಾರೋ ಮರಾಠಿಯಲ್ಲಿ ಅಂದರು. ಯಾರಿಗೂ ತಿರುಗಿ ಉತ್ತರ ಕೊಡದೆ ಬಿಟ್ಟವಳಲ್ಲ ಚಿಕ್ಕಮ್ಮ, ಅಂದು ತಲೆ ತಗ್ಗಿಸಿ ನಿಂತಿದ್ದಳು. ಅವರೆಲ್ಲ ಹೋಟೆಲಿನಿಂದ ಇಡ್ಲಿ ತರಿಸುವ ಮಾತಾಡುತ್ತ ಇಳಿದು ಹೋದರು. ಚಿಕ್ಕಪ್ಪ ಪೇಪರ್ ಓದುತ್ತಲೇ ಇದ್ದರು. ಪೇಪರ್ ತಲೆಕೆಳಗಾಗಿತ್ತು.

ನಾನು ಅಡುಗೆಮನೆಗೆ ಹೋಗಿ ನೋಡಿದೆ. ಮೂಲೆಯಲ್ಲಿ ಸಿಲಿಂಡರೇ ಇಲ್ಲ! ಹಳೇ ಒಲೆಯೂ ಇಲ್ಲ. ಟೈಲ್ಸಿನ ಮೇಲೆ ತುಕ್ಕಿನ ಒಂದು ದುಂಡನೆ ಕಲೆ ಮಾತ್ರ.

"ಚಿಕ್ಕಮ್ಮಾ, ಏನಿದು?"

"ಶ್! ಮೆಲ್ಲ ಮಾತಾಡು!" ಎಂದು ಅವಳು ನನ್ನ ಕೈ ಹಿಡಿದು ಹಿಂದಿನ ಕಿಟಕಿಗೆ ಎಳೆದುಕೊಂಡು ಹೋದಳು.

ಕಾಂಪೌಂಡ್ ಗೋಡೆಯ ಆಚೆಗೆ, ರಸ್ತೆ ಅಗೆಯುವವರ ತಗಡಿನ ಗುಡಿಸಲುಗಳು. ಕೆಲವು ವಾರಗಳ ಹಿಂದೆ ಅಲ್ಲಿಂದ ದಿನವೂ ಹೊಗೆ ಏರಿ ಇವಳ ಒಗೆದ ಬಟ್ಟೆಗೆ ಮೆತ್ತುತ್ತಿತ್ತಂತೆ. ಜಗಳಕ್ಕೆಂದೇ ಇಳಿದು ಹೋದಳು. ಹಿಂದಿಯಲ್ಲಿ ಕೂಗಾಡಿದರೆ ಒಳಗಿನಿಂದ ಕನ್ನಡದಲ್ಲಿ ಉತ್ತರ ಬಂತು! ವಿಜಯಪುರದ ಕಡೆಯ ರೇಣವ್ವ. ಹಸಿ ಬಾಣಂತಿ, ಮಡಿಲಲ್ಲಿ ಕೂಸು. ಮೂರು ಇಟ್ಟಿಗೆಯ ಮೇಲೆ ಡಬ್ಬದಲ್ಲಿ ನೀರು, ಕೆಳಗೆ ಬಣ್ಣ ಬಳಿದ ಮುರುಕು ಹಲಗೆ ಉರಿಯುತ್ತಿತ್ತು.

"ಹೊಗಿ ಆಗತೈತಿ ಖರೇರಿ ಅವ್ವಾ. ಏನ್ ಮಾಡೂದ್ರಿ, ಕೂಸಿಗಿ ನೀರ್ ಕಾಸಬೇಕಲ್ರಿ" ಎಂದಳಂತೆ. ಅಷ್ಟು ಹೇಳುವುದರೊಳಗೆ ಕೂಸು ಕೆಮ್ಮಿ ಕೆಮ್ಮಿ ನೀಲಿಗಟ್ಟಿತಂತೆ.

"ಅದೇ ಮಧ್ಯಾಹ್ನ ಸಿಲಿಂಡರ್, ಒಲೆ ಎರಡನ್ನೂ ನಾನೂ ಅವಳ ಗಂಡನೂ ಹೊತ್ತು ಇಳಿಸಿದ್ದು. ಎಲ್ಲರೂ ಮಲಗಿದ್ರು" ಎಂದರು ಚಿಕ್ಕಪ್ಪ, ಹಿಂದಿನಿಂದ ಬಂದು. "ನನ್ನ ಬೆನ್ನು ಇನ್ನೂ ಸರಿ ಆಗ್ಲಿಲ್ಲ."

"ಮತ್ತೆ ಅವರಿಗೆ ಇದನ್ನೇ ಹೇಳಬಹುದಿತ್ತಲ್ಲ ಚಿಕ್ಕಮ್ಮ! ಎಲ್ಲರ ಮುಂದೆ ಖಾಲಿ ಡಬ್ಬ ಅಂತ ಹೇಳಿಸಿಕೊಂಡು..."

"ಹೇಳಿದ್ರೆ? ಆ ಸೆಕ್ರೆಟರಿ ಗೋಡೆ ಹತ್ರ ಸಿಲಿಂಡರ್ ಉಂಟು ಅಂತ ಗಲಾಟೆ ಮಾಡಿ ಅಲ್ಲಿಂದಲೇ ಎಬ್ಬಿಸ್ತಾನೆ ಅವರನ್ನು. ನಗ್ಲಿ ಬಿಡು. ನಕ್ಕರೆ ನಂಗೆ ಎಂತ ಹೋಗ್ತದೆ?"

ಎಂತ ಹೋಗುತ್ತದೆ ಎಂದು ಅವಳ ಧ್ವನಿಯಲ್ಲೇ ಗೊತ್ತಾಗುತ್ತಿತ್ತು. ನಾನೂ ಕಿಟಕಿಗೆ ಒರಗಿ ಕೆಳಗೆ ನೋಡಿದೆ.

ಕೆಳಗೆ ರೇಣವ್ವ ಕಾಲು ನೀಡಿ ಕುಳಿತು, ಕಾಲ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡು ನೀರು ಹೊಯ್ಯುತ್ತಿದ್ದಳು. ಹಬೆ ಏಳುತ್ತಿತ್ತು. ಕೂಸು ಇಡೀ ವಡಾಲಕ್ಕೆ ಕೇಳುವಂತೆ ಅಳುತ್ತಿತ್ತು.

ಮೆಲ್ಲ ಮಾತಾಡು ಎಂದು ನನಗೆ ಹೇಳಿದವಳೇ ಕಿಟಕಿಯಿಂದ ಅರ್ಧ ಹೊರಗೆ ಬಾಗಿದಳು. "ಏ ರೇಣವ್ವಾ! ನೀರು ಸುಡ್ತದೋ ಏನೋ, ಮೊಣಕೈ ಅದ್ದಿ ನೋಡು ಮಾರಾಯ್ತಿ! ಕಿವಿಗೆ ಹೋಗ್ದ ಹಾಗೆ ಹೊಯ್ಯಿ!"

"ಹೂಂರೀ ಅವ್ವಾ!" ಎಂದು ಅವಳು ತಲೆ ಎತ್ತಿ ನಕ್ಕಳು. ನೀರು ತೊಟ್ಟಿಕ್ಕುವ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ನಮ್ಮ ಕಿಟಕಿಯ ಕಡೆಗೆ ಹಿಡಿದಳು.