ಕೈಗುಣ ಯಂತ್ರವೂ ಹೊಂಬಾಳಮ್ಮನ ಸೀರೆಯೂ

"ಅಕ್ಕಾ, ನೀನು ಮೂವತ್ತೊಂದು ವರ್ಷ ಮಾಡಿದ ಕೆಲಸಾನ ಇದು ಮೂರೇ ಸೆಕೆಂಡಲ್ಲಿ ಮಾಡ್ತದೆ" ಎನ್ನುತ್ತಾ ನನ್ನ ತಮ್ಮ ಶಿವನಂಜು ಒಂದು ಪೆಟ್ಟಿಗೆಯನ್ನು ತಂದು ಮೇಜಿನ ಮೇಲೆ ಕುಕ್ಕಿದ. ನಾನು ಸುಲಿದಿಟ್ಟಿದ್ದ ಅವರೆಕಾಳು ಅರ್ಧಕ್ಕರ್ಧ ನೆಲದ ಪಾಲಾಯಿತು.

ನನ್ನ ಕೆಲಸವೆಂದರೆ ಬ್ಯಾಂಕಿನಲ್ಲಿ ಸಹಿ ನೋಡುವುದು. ಚೆಕ್ಕಿನ ಮೇಲಿನ ಸಹಿಯನ್ನು ಮಾದರಿ ಸಹಿಯ ಪಕ್ಕದಲ್ಲಿಟ್ಟು ಹೌದು ಅನ್ನಬೇಕು, ಇಲ್ಲವೇ ಅಲ್ಲ ಅನ್ನಬೇಕು. ಅಲ್ಲ ಅನ್ನುವಾಗ ನನಗೆ ಸ್ವಲ್ಪ ಹೆಚ್ಚೇ ಖುಷಿಯಾಗುತ್ತಿತ್ತು ಎಂದು ನಿವೃತ್ತಳಾದ ಮೇಲೆ ಒಪ್ಪಿಕೊಳ್ಳುತ್ತೇನೆ.

ಶಿವನಂಜು ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವನು. ಕಡೆದು ಸುಮ್ಮನಿದ್ದರೆ ಅವನ ಪಾಡಿಗೆ ಅವನು ಚೆನ್ನಾಗಿರುತ್ತಿದ್ದ. ಆದರೆ ತಲೆಯಲ್ಲಿ ಹುಳ. ಹಿಂದಿನ ವರ್ಷ ಅವನು ಮಾಡಿದ, ತನ್ನಷ್ಟಕ್ಕೆ ತಾನೇ ರುಬ್ಬುವ ಒರಳು ಮೂರು ದಿನ ನಿಲ್ಲದೆ ರುಬ್ಬಿ, ಹಿಟ್ಟು ಮುಗಿದ ಮೇಲೆ ಅಡುಗೆಮನೆಯ ನೆಲವನ್ನೇ ರುಬ್ಬಲು ಹೊರಟಿತ್ತು. ಈ ಸಲದ ಪೆಟ್ಟಿಗೆಗೆ ಹಳದಿ ಕೆಂಪು ಅರಗಿನ ಬಣ್ಣ ಹಚ್ಚಿದ್ದ. ಮೇಲೆ ಒಂದು ಮರದ ಗಿಣಿ, ಪಕ್ಕದಲ್ಲಿ ದಾರ ಕಟ್ಟಿದ ಮರದ ಪೆನ್ನು.

"ಇದರ ಹೆಸರು ಕೈಗುಣ ಯಂತ್ರ. ಇನ್ನು ಸಹಿ ದೊಡ್ಡದೋ ಪಿನ್ನು ದೊಡ್ಡದೋ ಅಂತ ಯಾರೂ ಕಿತ್ತಾಡಂಗಿಲ್ಲ" ಎಂದ.

ಕಿತ್ತಾಟಕ್ಕೆ ಕಾರಣವಿತ್ತು. ಊರಿನ ಬ್ಯಾಂಕಿನವರು ಕಾರ್ಡು ಇರುವವರಿಗೆಲ್ಲ ಒಂದು ಚೀಟಿ ಕಳಿಸಿದ್ದರು. ಅಂಗಡಿಯಲ್ಲಿ ಕಾರ್ಡು ಕೊಟ್ಟಾಗ ಸಹಿ ಹಾಕುತ್ತೀರೋ, ನಾಲ್ಕಂಕಿಯ ಪಿನ್ ಒತ್ತುತ್ತೀರೋ? ಯಾವುದು ಭದ್ರವೋ ಅದನ್ನು ಆರಿಸಿಕೊಳ್ಳಿ. ನಾನು ಸಹಿಯ ಕಡೆ, ಶಿವನಂಜು ಪಿನ್ನಿನ ಕಡೆ.

"ಸಹೀನ ಯಾವನು ಬೇಕಾದ್ರೂ ತಿದ್ದಿ ಕಲೀತಾನೆ" ಎಂದು ಅವನು.

"ನಮ್ಮೂರಲ್ಲಿ ಪಿನ್ ಯಾರಪ್ಪ ಒತ್ತುತಾರೆ? ಕೂಗ್ತಾರೆ" ಎಂದು ನಾನು.

ಅದು ನಿಜವೇ. ಹೋಟೆಲಿನಲ್ಲಿ ಊಟ ಮುಗಿಸಿ ಕೈ ತೊಳೆಯುತ್ತಲೇ ನಲ್ಲಿಯ ಹತ್ತಿರದಿಂದ "ಐದು ಸೊನ್ನೆ ಎರಡು ಒಂಬತ್ತು, ಒತ್ಕೊಳಪ್ಪಾ" ಎಂದು ಕೂಗುವುದು ನಮ್ಮ ಕಡೆಯ ಪದ್ಧತಿ. ಗುಟ್ಟಾಗಿ ಒತ್ತಲು ಹೋದರೆ ಅಂಗಡಿಯವರು ಮುಖ ಊದಿಸಿಕೊಂಡು, "ಯಾಕಣ್ಣ, ನನ್ನ ಮೇಲೆ ನಂಬಿಕೆ ಇಲ್ವಾ?" ಎನ್ನುತ್ತಾರೆ.

ನಮ್ಮಿಬ್ಬರ ಜಗಳದ ನಡುವೆ ಬಡವಾದವರು ನಮ್ಮ ಚಿಕ್ಕಮ್ಮ ಹೊಂಬಾಳಮ್ಮ. ಸರ್ಕಾರಿ ಆಸ್ಪತ್ರೆಯಲ್ಲಿ ನಲವತ್ತು ವರ್ಷ ನರ್ಸಾಗಿದ್ದವರು. ಈಗ ಎಪ್ಪತ್ತಾರು. ಕೈ ನಡುಗುವುದರಿಂದ ಸಹಿ ದಿನಕ್ಕೊಂದು ಥರ. ಪಿನ್ ನೆನಪಿರುತ್ತದೆ, ಆದರೆ ಅದು ಇಡೀ ಪೇಟೆಬೀದಿಗೇ ನೆನಪಿದೆ. ಒಮ್ಮೆ ಸಹಿ ಹೊಂದದೆ, ಒಮ್ಮೆ ಪಿನ್ ಬಯಲಾಯಿತೆಂದು, ಎರಡು ಸಲ ಕಾರ್ಡು ಬ್ಲಾಕ್ ಆಯಿತು. ಮಗ ಕೆಂಪರಾಜು ಕಾದು ಕುಳಿತಿದ್ದವನಂತೆ ಬಂದ.

"ಅವ್ವ, ಇನ್ನೊಂದು ಸಲ ಹಿಂಗಾದ್ರೆ ಕಾರ್ಡು ನನ್ನ ಹತ್ರ ಇರಲಿ. ನಿನಗೇನು ಬೇಕೋ ಕೇಳು, ನೋಡಿ ಕೊಡಿಸ್ತೀನಿ."

ಆ 'ನೋಡಿ' ಎನ್ನುವುದರಲ್ಲೇ ಎಲ್ಲ ಇತ್ತು. ಹೊಂಬಾಳಮ್ಮನಿಗೆ ಬೇಕಾಗಿದ್ದುದು ಒಂದು ಕುಂಕುಮದ ಬಣ್ಣದ ರೇಷ್ಮೆ ಸೀರೆ.

"ನಲವತ್ತು ವರ್ಷ ಬಿಳೀ ಸೀರೆ ಉಟ್ಕೊಂಡು ಊರ ಮಕ್ಕಳನ್ನೆಲ್ಲ ಎತ್ಕೊಂಡಿದ್ದೀನಿ ಕಣೇ" ಎಂದು ಅವರು ನನ್ನ ಮುಂದೆ ಹೇಳಿದ್ದರು. "ನನ್ನ ಪಿಂಚಣೀಲಿ, ನನ್ನ ಕೈಯಾರೆ, ಒಂದು ಸೀರೆ ತಗೋಬೇಕು. ಅದಕ್ಕೂ ಅವನ ಮುಂದೆ ಕೈ ಚಾಚಬೇಕಾ?"

ನನಗೆ ತಲೆ ಎತ್ತಲಾಗಲಿಲ್ಲ. ನೌಕರಿಯ ಕೊನೆಯ ತಿಂಗಳಲ್ಲಿ ಅವರು ಹಣ ತೆಗೆಯಲು ಬಂದಾಗ, ನನ್ನ ಸ್ವಂತ ಚಿಕ್ಕಮ್ಮ ಎಂದು ಗೊತ್ತಿದ್ದೂ, ಸಹಿ ಹೊಂದುತ್ತಿಲ್ಲ ಎಂದು ಚೀಟಿ ವಾಪಸು ಮಾಡಿದವಳು ನಾನೇ. ಅವತ್ತು ಅವರು ಚೀಟಿ ಮಡಚಿಕೊಂಡು ಹೊರಟುಹೋದರು. ಬೈದಿದ್ದರೆ ಮರೆತುಬಿಡುತ್ತಿದ್ದೆ.

"ಅಕ್ಷರದ ಆಕಾರ ಕದೀಬೋದು ಅಕ್ಕ, ಕೈ ಕದಿಯೋಕಾಗಲ್ಲ" ಎಂದು ಶಿವನಂಜು ವಿವರಿಸಿದ. ಪೆನ್ನನ್ನು ಹೇಗೆ ಹಿಡಿಯುತ್ತೇವೆ, ಎಲ್ಲಿ ಒತ್ತುತ್ತೇವೆ, ಎಲ್ಲಿ ತಡೆಯುತ್ತೇವೆ ಎನ್ನುವುದನ್ನು ಯಂತ್ರ ನೋಡುತ್ತದೆ. ಮೊದಲು ಮೂರು ಸಲ ಸಹಿ ಹಾಕಿ ಗುರುತು ಮಾಡಿಸಿದರೆ ಸಾಕು. ಕಳ್ಳ ಕುತ್ತಿಗೆಗೆ ಚಾಕು ಹಿಡಿದು ಸಹಿ ಹಾಕಿಸಿದರೂ ಅದಕ್ಕೆ ತಿಳಿಯುತ್ತದೆ, ಏಕೆಂದರೆ ಮನಸ್ಸಿಲ್ಲದ ಕೈ ಬೇರೆ ಥರ ಓಡುತ್ತದಂತೆ. ಪಿನ್ನನ್ನು ಯಾರಾದರೂ ಬಾಯಿಬಿಟ್ಟು ಹೇಳಿದರೆ ಗಿಣಿ ಕೇಳಿಸಿಕೊಂಡು ತಕ್ಷಣ ಬದಲಾಯಿಸುತ್ತದೆ. ಬ್ಯಾಂಕಿನವರು ಎಂಟು ದಿನದ ಪರೀಕ್ಷೆಗೆ ಒಪ್ಪಿದ್ದರು. ಊರಿನ ಕಾರ್ಡು ಯಂತ್ರಗಳೆಲ್ಲ ಇದರ ಮಾತು ಕೇಳುವ ಹಾಗೆ ಅವನು ಏನೋ ಗಂಟು ಹಾಕಿಟ್ಟಿದ್ದ.

"ತಪ್ಪಾದರೆ?" ಎಂದೆ.

"ನಾನು ಮಾಡಿದ್ದರಲ್ಲಿ ತಪ್ಪಾ?" ಎಂದ. ನಾನು ಒರಳಿನ ಮಾತೆತ್ತಲಿಲ್ಲ.

ಭಾನುವಾರ ಬೆಳಗ್ಗೆ ಪದ್ಮನಾಭ ಶೆಟ್ಟರ ರೇಷ್ಮೆ ಅಂಗಡಿಯಲ್ಲಿ ಪರೀಕ್ಷೆ. ಹೊಂಬಾಳಮ್ಮ ಆಗಲೇ ಬಂದು, ಕುಂಕುಮದ ಬಣ್ಣದ್ದೊಂದನ್ನು ಆರಿಸಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಪಕ್ಕದಲ್ಲಿ ಕೆಂಪರಾಜು. ಮೂರನೆಯ ಸಲ ಕಾರ್ಡು ಬ್ಲಾಕ್ ಆಗುವುದನ್ನು ಕಣ್ಣಾರೆ ನೋಡಿ, ಅಲ್ಲಿಂದಲೇ ಅದನ್ನು ಜೇಬಿಗೆ ಹಾಕಿಕೊಂಡು ಹೋಗಲು ಬಂದಿದ್ದ. ಒಳಗೆ ಬಂದವರಿಗೆಲ್ಲ ಶೆಟ್ಟರು ಕಾಫಿ ಕೊಟ್ಟು, ಮೂರು ಮೂರು ಸಲ ಸಹಿ ಹಾಕಿಸಿದರು.

ಮೊದಲು ನಿಂತವರು ಹೈಸ್ಕೂಲು ಮೇಷ್ಟ್ರು ಬೋರಲಿಂಗಯ್ಯ. ಹೆಂಡತಿ ರತ್ನಮ್ಮ ತಂಗಿಯ ಮದುವೆಗೆಂದು ಮೂರು ಸೀರೆ ತೆಗೆದಿದ್ದರು. ಮೇಷ್ಟ್ರು ಸಹಿ ಹಾಕಿದರು. ಗಿಣಿ ಕತ್ತು ಆಡಿಸಿ, ಶಿವನಂಜುವಿನದೇ ದನಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸಾರುವ ಹಾಗೆ ಹೇಳಿತು: "ಇದು ಬೋರಲಿಂಗಯ್ಯನವರ ಕೈ. ಆದರೆ ಈ ಕೈಗೆ ಮನಸ್ಸಿಲ್ಲ. ಯಾರೋ ಬಲವಂತ ಮಾಡುತ್ತಿದ್ದಾರೆ. ಅವರನ್ನು ಹಿಡಿಯಿರಿ."

ಅಂಗಡಿಯವರೆಲ್ಲ ರತ್ನಮ್ಮನ ಕಡೆ ತಿರುಗಿದರು.

"ಮನಸ್ಸಿಲ್ವೇನ್ರೀ ನಿಮಗೆ?" ಎಂದರು ಆಕೆ, ತಣ್ಣಗೆ.

"ಇದೆ ಕಣೇ, ತುಂಬಾ ಇದೆ. ನೋಡು, ಇನ್ನೊಂದು ಸಲ ಹಾಕ್ತೀನಿ."

"ಈ ಕೈ ಮೊದಲಿಗಿಂತ ಹೆಚ್ಚು ಹೆದರಿದೆ" ಎಂದಿತು ಗಿಣಿ.

ಮೇಷ್ಟ್ರ ಹಿಂದೆ ಸಾಲಾಗಿ ನಿಂತಿದ್ದ ಏಳು ಜನ ಗಂಡಂದಿರ ಗತಿಯೂ ಇದೇ ಆಯಿತು. ಒಬ್ಬನ ಕೈಗೂ ಮನಸ್ಸಿರಲಿಲ್ಲ. ಎಂಟನೆಯವನು ಸರದಿ ಬರುವ ಮೊದಲೇ ಚಪ್ಪಲಿ ಬಿಟ್ಟು ಓಡಿದ. ಅಂಗಡಿಯ ತುಂಬ ಹೆಂಗಸರು ಗಂಡಂದಿರಿಗೆ ವರ್ಷಗಳ ಹಳೆಯ ವಿಷಯಗಳನ್ನು ನೆನಪಿಸತೊಡಗಿದರು.

"ಏ ನಂಜು, ಇದರ ಬಾಯಿ ಮುಚ್ಚಿಸೋ ಮಾರಾಯ. ಸಹಿ ಸಾಕು, ಪಿನ್ನಲ್ಲಿ ನಡೆಸೋಣ" ಎಂದು ಶೆಟ್ಟರು ಅಂಗಲಾಚಿದರು.

ಪಿನ್ ಎಂದದ್ದೇ ತಡ, ಬಾಗಿಲಿನಿಂದ ಒಬ್ಬರು ಅಭ್ಯಾಸಬಲದಿಂದ ಕೂಗಿದರು: "ನಂದು ನಾಲ್ಕು ಸೊನ್ನೆ ಏಳು ಎರಡು ಶೆಟ್ರೇ!"

"ಪಿನ್ ಬಯಲಾಗಿದೆ. ಬದಲಾಯಿಸಿದ್ದೇನೆ" ಎಂದು ಗಿಣಿ ಗಂಭೀರವಾಗಿ ಹೇಳಿತು.

ಶಿವನಂಜು ನನ್ನ ಕಡೆ ನೋಡಿ ಮೀಸೆ ತಿರುವಿದ. ಆ ಮೀಸೆ ಕೆಳಗಿಳಿಯಲು ಎರಡು ಉಸಿರಿನಷ್ಟೂ ಹೊತ್ತು ಹಿಡಿಯಲಿಲ್ಲ. ಹೊಸ ಪಿನ್ ಏನೆಂದು ಕಾರ್ಡಿನವರಿಗೆ ತಿಳಿಸಬೇಕಲ್ಲ? ಗಿಣಿ ತಿಳಿಸಿತು.

"ಹೊಸ ಪಿನ್, ಮೂರು ಒಂದು ಎಂಟು ಐದು." ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡಿತು. "ಪಿನ್ ಬಯಲಾಗಿದೆ. ಬದಲಾಯಿಸಿದ್ದೇನೆ. ಹೊಸ ಪಿನ್, ಆರು ಆರು ಸೊನ್ನೆ ನಾಲ್ಕು. ಪಿನ್ ಬಯಲಾಗಿದೆ. ಬದಲಾಯಿಸಿದ್ದೇನೆ. ಹೊಸ ಪಿನ್..."

"ನಿಲ್ಸೋ ಅದನ್ನ" ಎಂದೆ.

"ನಿಲ್ಲಿಸೋಕೆ ಗುಂಡಿ ಇಟ್ಟಿಲ್ಲ ಅಕ್ಕ. ಕಳ್ಳರು ನಿಲ್ಲಿಸಿಬಿಟ್ರೆ?"

ಅಷ್ಟರಲ್ಲಿ ಗಾಬರಿಗೊಂಡ ಶೆಟ್ಟರು, ಯಾರಾದರೂ ಈ ಗದ್ದಲದಲ್ಲಿ ಸೀರೆ ಎತ್ತಿಕೊಂಡು ಹೋದಾರೆಂದು "ಒಂದು, ಎರಡು, ಮೂರು, ನಾಲ್ಕು" ಎಂದು ಗಟ್ಟಿಯಾಗಿ ಎಣಿಸತೊಡಗಿದರು. ಅದು ಯಾರದೋ ಪಿನ್ ಇರಬೇಕೆಂದು ಗಿಣಿ ಅಂಗಡಿಯಲ್ಲಿದ್ದವರೆಲ್ಲರ ಪಿನ್ ಬದಲಾಯಿಸಿತು. ಆಮೇಲೆ ಒಬ್ಬೊಬ್ಬರ ಹೆಸರು ಹಿಡಿದು ಹೊಸ ಪಿನ್ ಸಾರಲು ಶುರುಮಾಡಿತು, ಸಾರಿದ್ದನ್ನೆಲ್ಲ ಮತ್ತೆ ಬದಲಾಯಿಸಿತು.

ಕೆಂಪರಾಜುವಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕಿರಲಿಲ್ಲ. ತಾಯಿಯ ಕೈಯಿಂದ ಕಾರ್ಡನ್ನು ಮೆಲ್ಲಗೆ ತೆಗೆದುಕೊಂಡ.

"ನೋಡಿದ್ಯಾ ಅವ್ವ? ಸಹಿಯೂ ಬೇಡ, ಪಿನ್ನೂ ಬೇಡ. ಇದೆಲ್ಲ ನಿನ್ನಂಥೋರಿಗಲ್ಲ. ನಿನ್ನ ಸಹಿ ನಿನಗಿಂತ ಚೆನ್ನಾಗಿ ನಾನೇ ಹಾಕ್ತೀನಿ, ನೋಡು ಬೇಕಾದ್ರೆ."

ಹಾಕಿಯೂ ಬಿಟ್ಟ. ನಾನು ಬಗ್ಗಿ ನೋಡಿದೆ. ಹತ್ತು ವರ್ಷದ ಹಿಂದಿನ ಹೊಂಬಾಳಮ್ಮನ ಸಹಿ, ಬಾಲದ ಸುಳಿಯೂ ಸೇರಿ, ಕೂದಲೆಳೆಯಷ್ಟೂ ತಪ್ಪಿಲ್ಲ. ಬ್ಯಾಂಕಿನಲ್ಲಾಗಿದ್ದರೆ ಕಣ್ಣುಮುಚ್ಚಿ ಪಾಸು ಮಾಡುತ್ತಿದ್ದೆ.

"ಎಲ್ಲಿ ಕಲಿತೆಯೋ ಇದನ್ನ?" ಎಂದೆ.

"ಅಂಕಪಟ್ಟಿ ಮೇಲೆ ಹಾಕಿ ಹಾಕಿ ಬಂದ್ಬಿಟ್ಟಿದೆ ಅಕ್ಕ" ಎಂದುಬಿಟ್ಟ. ಹೊಂಬಾಳಮ್ಮ ನಿಧಾನವಾಗಿ ಅವನ ಮುಖ ನೋಡಿದರು. ನಾಲಿಗೆ ಕಚ್ಚಿಕೊಂಡ, ಆದರೆ ಮಾತು ಹೊರಬಿದ್ದಾಗಿತ್ತು.

ಗಿಣಿ ಪಿನ್ ಸಾರುವುದನ್ನು ನಿಲ್ಲಿಸಿತು. "ಈ ಕೈ ಹೊಂಬಾಳಮ್ಮನವರದಲ್ಲ. ಈ ಕೈಗೆ ಈ ಸೀರೆ ಕೊಳ್ಳುವ ಮನಸ್ಸೂ ಇಲ್ಲ. ಹಿಡಿಯಿರಿ." ಏಳು ಜನ ಗಂಡಂದಿರು, ತಮ್ಮನ್ನು ಬಿಟ್ಟು ಬೇರೆಯವನೊಬ್ಬ ಸಿಕ್ಕನಲ್ಲ ಎಂಬ ಸಂತೋಷಕ್ಕೆ, ಕೆಂಪರಾಜುವನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಕೊಡಮ್ಮ ಪೆನ್ನು" ಎಂದರು ಹೊಂಬಾಳಮ್ಮ ನನಗೆ.

ಕೊಟ್ಟೆ. ಅವರು ಪೆಟ್ಟಿಗೆಯ ಹಲಗೆಯ ಮೇಲೆ ಬಗ್ಗಿ, ಉಸಿರು ಬಿಗಿಹಿಡಿದು, ಒಂದೊಂದೇ ಅಕ್ಷರ ಎಳೆದರು. 'ಹೊ' ಒಂದು ಕಡೆ, 'ಳ' ಇನ್ನೊಂದು ಕಡೆ. ಮಸಿಯಲ್ಲಿ ಬಿದ್ದ ಇರುವೆ ಎದ್ದು ನಡೆದಂತಿತ್ತು. ನನ್ನ ಮೂವತ್ತೊಂದು ವರ್ಷದ ಅನುಭವ ಒಳಗಿನಿಂದ 'ಅಲ್ಲ' ಎಂದು ಕಿರುಚಿತು. ಥೂ, ಸುಮ್ಮನಿರು ಎಂದು ಅದಕ್ಕೆ ಗದರಿಸಿದೆ.

ಗಿಣಿ ಕತ್ತನ್ನು ಆ ಕಡೆ ಈ ಕಡೆ ಆಡಿಸಿತು.

"ಇದು ಹೊಂಬಾಳಮ್ಮನವರ ಕೈ. ಈ ನಡುಕ ಜಗತ್ತಿನಲ್ಲಿ ಇನ್ನಾರಿಗೂ ಬಾರದು" ಎಂದಿತು. "ಮನಸ್ಸು ಪೂರ್ತಿ ಇದೆ. ಇಂಥ ಮನಸ್ಸನ್ನು ನಾನು ಇವತ್ತು ಬೆಳಗಿನಿಂದ ನೋಡಿರಲಿಲ್ಲ."

ರಸೀದಿ ಸರ್ರನೆ ಹೊರಬಂತು. ರತ್ನಮ್ಮ ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಇಡೀ ಅಂಗಡಿ. ಹೊಂಬಾಳಮ್ಮ ಮಗನ ಕೈಯಿಂದ ಕಾರ್ಡನ್ನು ಬಿಡಿಸಿಕೊಂಡು ಸೊಂಟದ ಚೀಲಕ್ಕೆ ಸೇರಿಸಿದರು. ನಾನು ಅಳುತ್ತಿದ್ದೆ, ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣಲಿಲ್ಲ.

"ಚಿಕ್ಕಮ್ಮ, ಅವತ್ತು ನಾನು ತಪ್ಪು ಮಾಡಿದೆ" ಎಂದೆ.

"ಬಿಡೇ. ನಿನಗೆ ಅಕ್ಷರ ನೋಡೋಕೆ ಸಂಬಳ ಕೊಡ್ತಿದ್ರು, ನನ್ನ ನೋಡೋಕಲ್ಲ" ಎಂದು ನನ್ನ ಕೆನ್ನೆ ಒರೆಸಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಶಿವನಂಜುವಿಗೆ ಊರಿನವರು ಹಾರ ಹಾಕುತ್ತಿದ್ದರು. ಆದರೆ ಯಂತ್ರಕ್ಕೆ ಹೊಂಬಾಳಮ್ಮನ ಕೈ ಎಷ್ಟು ಹಿಡಿಸಿತೆಂದರೆ, ಅದನ್ನೇ ಅಳತೆಯಾಗಿ ಇಟ್ಟುಕೊಂಡುಬಿಟ್ಟಿತು. ಸಾಯಂಕಾಲದ ಹೊತ್ತಿಗೆ ಚನ್ನಪಟ್ಟಣದಲ್ಲಿ ಯಾರು ಎಲ್ಲಿ ಕಾರ್ಡು ಕೊಟ್ಟರೂ ಒಂದೇ ಉತ್ತರ: "ಹೊಂಬಾಳಮ್ಮನವರ ಕೈಯಷ್ಟು ಮನಸ್ಸಿಲ್ಲ. ಅವರನ್ನೇ ಕರೆತನ್ನಿ." ಸರಿಪಡಿಸೋಣವೆಂದು ಶಿವನಂಜು ತಿರುಪುಳಿ ಹಿಡಿದರೆ, ಪೆಟ್ಟಿಗೆ ತೆರೆಯಲಿಕ್ಕೂ ಅವರ ಸಹಿಯೇ ಬೇಕಂತೆ. ಹೋಗಿ ಕೇಳಿದ.

"ಏನವಸರ? ಪರೀಕ್ಷೆ ಎಂಟು ದಿನ ಅಂತ ನೀನೇ ಹೇಳಿದ್ಯಲ್ಲ" ಎಂದರು ಹೊಂಬಾಳಮ್ಮ.

ಈಗ ಅವರು ದಿನಾ ಬೆಳಗ್ಗೆ ಕುಂಕುಮದ ಬಣ್ಣದ ಸೀರೆ ಉಟ್ಟು ಜಗಲಿಯ ಮೇಲೆ ಕೂರುತ್ತಾರೆ. ಪಕ್ಕದಲ್ಲಿ ಗಿಣಿಯ ಪೆಟ್ಟಿಗೆ, ಮುಂದೆ ಸಾಲು. ರತ್ನಮ್ಮನ ಮೂರು ಸೀರೆಗೂ ತುಂಬು ಮನಸ್ಸಿನಿಂದ ಸಹಿ ಹಾಕಿಕೊಟ್ಟರು. ಕೆಂಪರಾಜು ಸ್ಕೂಟರ್ ತಳ್ಳಿಕೊಂಡು ಬಂದು, ತನ್ನದೇ ಕಾರ್ಡು ಹಿಡಿದು, ಎಲ್ಲರ ಹಿಂದೆ ನಿಲ್ಲುತ್ತಾನೆ. ನಿನ್ನೆ ಐದು ಲೀಟರ್ ಪೆಟ್ರೋಲಿಗೆ ಕೇಳಿದ. ಅವರು ಅವನನ್ನು ಮೇಲಿನಿಂದ ಕೆಳಗೆ ನೋಡಿ, ಎಲ್ಲಿಗೆ, ಯಾಕೆ ಎಂದೆಲ್ಲ ವಿಚಾರಿಸಿ, ಎರಡಕ್ಕೆ ಸಹಿ ಹಾಕಿದರು.