ಇನ್ನೂರನೆಯ ಸವಾರ

ಎಲ್ಲಕ್ಕೂ ಮೂಲ ಆ ಹದಿನಾಲ್ಕನೆಯ ಅರ್ಜಿ. ಹದಿಮೂರಕ್ಕೇ ನಿಲ್ಲಿಸಿದ್ದರೆ ನಗರಸಭೆಯ ರಸ್ತೆ ವಿಭಾಗದ ಆ ಗುಮಾಸ್ತ ಇವತ್ತಿಗೂ ತನ್ನ ಪಾಡಿಗೆ ತಾನು ಸೈಕಲ್ ತುಳಿದುಕೊಂಡು ಆಫೀಸಿಗೆ ಹೋಗಿ ಬರುತ್ತಿದ್ದ. ಆದರೆ ಸೇತುವೆ ರಸ್ತೆಗೊಂದು ಸೈಕಲ್ ಪಥ ಬೇಕು ಎಂದು ತನ್ನದೇ ಆಫೀಸಿಗೆ ತಾನೇ ಅರ್ಜಿ ಬರೆದು, ತಾನೇ ಅದರ ಮೇಲೆ ಮುದ್ರೆ ಒತ್ತಿ, ತಾನೇ ಕಡತಕ್ಕೆ ಸೇರಿಸುವುದು ಮೂರು ವರ್ಷದಿಂದ ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಜೊತೆಯವರು ಅವನಿಗೆ ಅರ್ಜಿಯಪ್ಪ ಎಂದು ಹೆಸರಿಟ್ಟಿದ್ದರು. ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅವನ ನಿಜವಾದ ಹೆಸರು ಈಗ ಚಾಲ್ತಿಯಲ್ಲಿರಲಿಲ್ಲ.

ಹದಿನಾಲ್ಕನೆಯದನ್ನು ಓದಿ ಮುಗಿಸಿದ ಇಂಜಿನಿಯರ್ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಲ್ರೀ ಅರ್ಜಿಯಪ್ಪ, ಆ ರಸ್ತೇಲಿ ನಿಮ್ಮನ್ನ ಬಿಟ್ರೆ ಸೈಕಲ್ ಹೊಡೆಯೋರು ಇನ್ಯಾರಿದಾರ್ರೀ?"

"ರಸ್ತೆ ನೋಡಿದ್ರೇ ಜನ ಹೆದರ್ತಾರೆ ಸಾರ್. ಅದಕ್ಕೇ ಯಾರೂ ಹೊಡೆಯಲ್ಲ."

"ಯಾರೂ ಹೊಡೆಯಲ್ಲ ಅಂದ್ಮೇಲೆ ಪಥ ಯಾರಿಗೆ? ಒಂದು ಕೆಲಸ ಮಾಡಿ. ನಾಳೆ ಬೆಳಗ್ಗೆ ಎಂಟರಿಂದ ಸಂಜೆ ಐದರ ತನಕ ಸೇತುವೆ ಹತ್ರ ಕೂತು ಎಣಿಸಿ. ಐದಕ್ಕೆ ನಾನೇ ಬರ್ತೀನಿ. ಇನ್ನೂರು ಜನ ಆಗಿದ್ರೆ ಅಲ್ಲೇ ಜಾಗ ನೋಡಿ ತೀರ್ಮಾನ ಬರೀತೀನಿ. ಒಬ್ಬ ಕಮ್ಮಿ ಆದ್ರೂ ಕಡತ ಕಟ್ಟಿ ಕಪಾಟಿನ ತಳಕ್ಕೆ!"

ಯಾವ ಅರ್ಜಿಯಲ್ಲೂ ಅವನು ಬರೆಯದೆ ಬಿಟ್ಟ ಸಂಗತಿ ಒಂದಿತ್ತು. ಅವನ ಹೆಂಡತಿಗೆ ಗ್ರಂಥಾಲಯದಲ್ಲಿ ಕೆಲಸ. ಮೂರು ವರ್ಷದ ಹಿಂದಿನವರೆಗೆ ಅವಳೂ ಅದೇ ರಸ್ತೆಯಲ್ಲಿ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದಳು. ಸೇತುವೆಯ ಬುಡದಲ್ಲಿ ಮೋರಿಗೆ ಹಾಸಿದ ಕಬ್ಬಿಣದ ಜಾಲರಿಯ ಕಂಬಿಗಳು ಅಡ್ಡಕ್ಕಿರದೆ ರಸ್ತೆಯ ಉದ್ದಕ್ಕೇ ಇದ್ದವು. ಒಂದು ದಿನ ಹಿಂದಿನಿಂದ ಬಸ್ಸೊಂದು ಹಾರ್ನ್ ಬಾರಿಸಿತು, ಇವಳು ಬದಿಗೆ ಸರಿದಳು, ಮುಂದಿನ ಚಕ್ರ ಕಂಬಿಗಳ ನಡುವೆ ಇಳಿಯಿತು. ಮಣಿಕಟ್ಟಿಗೆ ಆರು ವಾರ ಪ್ಲಾಸ್ಟರ್. ಪ್ಲಾಸ್ಟರ್ ಬಿಚ್ಚಿದ ಮರುದಿನವೇ ಅವಳು ತನ್ನ ಸೈಕಲ್ ಮಾರಿಬಿಟ್ಟಳು. "ಕಾಲು ಗಟ್ಟಿಯಾಗಿದೆಯಲ್ಲ, ನಡ್ಕೊಂಡು ಹೋದ್ರಾಯ್ತು" ಎಂದಳು. ಅರ್ಜಿಯಪ್ಪ ಮೊದಲನೆಯ ಅರ್ಜಿ ಬರೆದದ್ದು ಆ ರಾತ್ರಿಯೇ.

ಮರುದಿನ ಬೆಳಗ್ಗೆ ಎಂಟಕ್ಕೆ ಸರಿಯಾಗಿ ಅವನು ಸೇತುವೆಯ ಪಕ್ಕ, ಕ್ಷೌರದಂಗಡಿಯ ಎದುರು ಕುರ್ಚಿ ಹಾಕಿ ಕುಳಿತ. ಸೈಕಲ್ಲನ್ನು ಬೆನ್ನ ಹಿಂದಿನ ಗೋಡೆಗೆ ಒರಗಿಸಿದ. ಮೊದಲ ಗಂಟೆಯಲ್ಲಿ ಪೇಪರ್ ಹಾಕುವವನೊಬ್ಬ, ಹಾಲಿನವನೊಬ್ಬ. ಮೂರನೆಯವನು ಸೈಕಲ್ ತಳ್ಳಿಕೊಂಡು ಬಂದ. ತಳ್ಳುವವನು ಸವಾರ ಹೌದೋ ಅಲ್ಲವೋ ಎಂದು ಹತ್ತು ನಿಮಿಷ ಯೋಚಿಸಿ, ಹಾಕಿದ್ದ ಗೀಟನ್ನು ಅರ್ಜಿಯಪ್ಪ ರಬ್ಬರಿನಿಂದ ಅಳಿಸಿದ.

ಕ್ಷೌರಿಕ ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದ. ಗಿರಾಕಿಯ ಕೆನ್ನೆಗೆ ಹಚ್ಚಿದ ನೊರೆ ಹಾಗೇ ಬಿಟ್ಟು ಹೊರಗೆ ಬಂದು ವಿಷಯ ಕೇಳಿಕೊಂಡ.

"ಇಷ್ಟೇನಾ? ಯೋಚ್ನೆ ಬಿಡಿ ಅಣ್ಣ. ನಾನಿಲ್ವಾ?"

ಐದು ನಿಮಿಷದಲ್ಲಿ ಕ್ಷೌರಿಕ ತನ್ನ ಹಳೆಯ ಸೈಕಲ್ ಏರಿ ಹಾದುಹೋದ. ಗೀಟು. ಸ್ವಲ್ಪ ಹೊತ್ತಿಗೆ ತಲೆಗೆ ಟವೆಲ್ ಸುತ್ತಿಕೊಂಡವನೊಬ್ಬ ಬಂದ. ಆಮೇಲೆ ಕಪ್ಪು ಕನ್ನಡಕದವನೊಬ್ಬ. ಆಮೇಲೆ ಬಾಯಿಗೆ ಕರವಸ್ತ್ರ ಕಟ್ಟಿಕೊಂಡು, ಬೆನ್ನು ಬಾಗಿಸಿಕೊಂಡು, ನೂರು ವರ್ಷದವನಂತೆ ಕೆಮ್ಮುತ್ತ ಇನ್ನೊಬ್ಬ.

"ಏನಪ್ಪಾ, ಅಂಗಡೀಲಿ ಗಿರಾಕಿ ನೊರೆ ಒಣಗಿ ಗೋಡೆ ಥರ ಆಗಿದಾನೆ, ಹೋಗಿ ನೋಡು" ಎಂದ ಅರ್ಜಿಯಪ್ಪ, ಪೆನ್ಸಿಲ್ ಎತ್ತದೆ. "ಒಂದು ಮುಖಕ್ಕೆ ಒಂದೇ ಗೀಟು. ನಾನು ಸುಳ್ಳು ಲೆಕ್ಕ ಬರೆಯಲ್ಲ."

"ನಿಮ್ಮಂಥೋರಿಂದಾನೇ ಅಣ್ಣ ದೇಶ ಮುಂದಕ್ಕೆ ಬರದೇ ಇರೋದು" ಎಂದು ಗೊಣಗುತ್ತ ಕ್ಷೌರಿಕ ಸೈಕಲ್ಲಿನಿಂದ ಇಳಿದ.

ಗದ್ದಲ ಕೇಳಿ ಪಕ್ಕದ ಮನೆಯ ನಿವೃತ್ತ ಗಣಿತದ ಮೇಷ್ಟ್ರು ಬಂದರು. ಹಾಳೆ ನೋಡಿ, ಗಡಿಯಾರ ನೋಡಿ, "ಈ ಲೆಕ್ಕದಲ್ಲಿ ಸಂಜೆಗೆ ಇಪ್ಪತ್ತೇಳು ಆಗತ್ತೆ" ಎಂದರು. "ಸಮಸ್ಯೆ ಎಲ್ಲಿದೆ ಅಂತ ಮೊದಲು ಹುಡುಕಬೇಕು. ನನ್ನ ಮನೇಲೇ ಸೈಕಲ್ ಇದೆ. ನಾನ್ಯಾಕೆ ಹತ್ತಲ್ಲ? ಆ ಮೋರಿ ಜಾಲರಿಗೆ ಹೆದರಿ!" ತಮ್ಮ ಪ್ರಶ್ನೆಗೆ ತಾವೇ ಉತ್ತರ ಕೊಟ್ಟುಕೊಂಡ ಖುಷಿಯಲ್ಲಿ ಮನೆಗೆ ಹೋದವರು ತಮ್ಮ ಹಳೆಯ ಕಪ್ಪು ಹಲಗೆಯನ್ನು ಎಳೆದುಕೊಂಡು ಬಂದರು. ಅರ್ಧ ಅಳಿಸಿದ ಒಂದು ಸಮೀಕರಣ ಇನ್ನೂ ಅದರ ಮೇಲಿತ್ತು. ಹಲಗೆಯನ್ನು ಜಾಲರಿಯ ಮೇಲೆ ಹಾಸಿ, ಮೇಲೆ ನಿಂತು ಎರಡು ಸಲ ಕುಣಿದು ನೋಡಿ, ಸೈಕಲ್ ತಂದು ಅದರ ಮೇಲೆ ಸಾಗಿಹೋದರು. ಹೋದವರು ವಾಪಸು ಬರುವಾಗ ಹಿಂದೆ ಇಬ್ಬರು ಹಳೆಯ ಶಿಷ್ಯರಿದ್ದರು.

ಮೇಷ್ಟ್ರು ಮಾಡಿದ ಮೇಲೆ ತಾವು ಸುಮ್ಮನಿರಲು ಬೇರೆಯವರಿಗೆ ಮರ್ಯಾದೆಯ ಪ್ರಶ್ನೆ. ಕ್ಷೌರಿಕ ಅಟ್ಟದಿಂದ ಗಾಳಿ ಹೊಡೆಯುವ ಪಂಪ್ ಇಳಿಸಿ ಬಾಗಿಲಲ್ಲಿಟ್ಟ. ಮೂಲೆಯಂಗಡಿಯ ಟೈಲರಕ್ಕ ಸೇತುವೆಯ ಏರು ಮುಗಿಯುವಲ್ಲಿ ಮರದ ನೆರಳಿಗೆ ಬೆಂಚು ಹಾಕಿ, ಒಂದು ಕೊಡ ನೀರಿಟ್ಟು, ಹಾದುಹೋಗುವವರನ್ನೆಲ್ಲ ನಿಲ್ಲಿಸಿ ಪ್ಯಾಂಟಿನ ಕಾಲು ಚೈನಿಗೆ ಸಿಕ್ಕದಂತೆ ಎಲಾಸ್ಟಿಕ್ ಪಟ್ಟಿ ಕಟ್ಟತೊಡಗಿದಳು. ಬೇಡ ಎಂದವರಿಗೂ ಕಟ್ಟಿದಳು.

ಉಳಿದದ್ದು ಬಸ್ಸು. ಅವು ಸೈಕಲ್ಲಿನವರ ಮೊಣಕೈ ಸವರಿಕೊಂಡೇ ನುಗ್ಗುತ್ತಿದ್ದವು. ಕ್ಷೌರಿಕ ನೇರವಾಗಿ ವೃತ್ತದಲ್ಲಿ ನಿಂತಿದ್ದ ಪೊಲೀಸಿನವನ ಹತ್ತಿರ ಹೋದ.

"ಸ್ವಾಮೀ, ಸೈಕಲ್ ಬಂದಾಗ ಬಸ್ಸಿಗೆ ಒಂದು ಕೈ ತೋರಿಸಿ."

"ನನಗೆ ಮೇಲಿನಿಂದ ಆರ್ಡರ್ ಇಲ್ಲ."

"ಅದೂ ಸರೀನೇ. ನಾಳೆ ಬೆಳಗ್ಗೆ ಕ್ಷೌರಕ್ಕೆ ಬರ್ತೀರಲ್ಲ, ಆಗ ಕತ್ತಿ ಹಿಡ್ಕೊಂಡು ಮಾತಾಡೋಣ."

ಪೊಲೀಸಿನವನು ಒಂದು ಸಲ ಗಂಟಲು ಸವರಿಕೊಂಡ. ಮುಂದಿನ ಬಸ್ಸಿಗೆ ಅವನ ಕೈ ಬಂಡೆಯಂತೆ ಅಡ್ಡ ನಿಂತಿತು.

ಅಷ್ಟೇ ಸಾಕಾಯಿತು. ಹನ್ನೊಂದರ ಹೊತ್ತಿಗೆ ಹಿತ್ತಿಲುಗಳಿಂದ, ಅಟ್ಟಗಳಿಂದ, ಮೆಟ್ಟಿಲ ಕೆಳಗಿನಿಂದ ಸೈಕಲ್ಲುಗಳು ಹೊರಬಿದ್ದವು. ಕೆಲವಕ್ಕೆ ಜೇಡರ ಬಲೆ ಇನ್ನೂ ಅಂಟಿಕೊಂಡೇ ಇತ್ತು. ತರಕಾರಿ ಚೀಲ ತೂಗುಹಾಕಿಕೊಂಡ ಅಜ್ಜಿ, ಕುತ್ತಿಗೆಯಲ್ಲೇ ಸ್ಟೆತಾಸ್ಕೋಪ್ ಬಿಟ್ಟುಕೊಂಡ ಡಾಕ್ಟರು, ಬೆಲ್ ಇಲ್ಲದ್ದಕ್ಕೆ ಬಾಯಲ್ಲೇ "ಟ್ರಿಣ್ ಟ್ರಿಣ್" ಅನ್ನುತ್ತ ಬಂದ ಬ್ಯಾಂಕಿನವರು. ಒಂದೇ ಸೈಕಲ್ಲಿನಲ್ಲಿ ಬಂದ ಗಂಡ ಹೆಂಡತಿಗೆ ಅರ್ಜಿಯಪ್ಪ ಒಂದೇ ಗೀಟು ಹಾಕಿದ್ದಕ್ಕೆ ಹಿಂದೆ ಕೂತವಳು ಇಳಿದು ಜಗಳಕ್ಕೇ ನಿಂತಳು.

"ತುಳಿಯೋನು ಅವನಿರಬಹುದು, ಓಡಿಸ್ತಿರೋಳು ನಾನು! ಹಾಕ್ರೀ ಇನ್ನೊಂದು."

"ಪೆಡಲ್ ಮೇಲೆ ಕಾಲಿಟ್ಟೋರಿಗೆ ಮಾತ್ರ ತಾಯಿ."

ಅವಳು ಗಂಡನನ್ನು ಹಿಂದೆ ಕೂರಿಸಿಕೊಂಡು ತಾನೇ ತುಳಿದುಕೊಂಡು ಹೋಗಿ ಗೀಟು ವಸೂಲಿ ಮಾಡಿದಳು.

ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ತಂದಳು. ಅರ್ಜಿಯಪ್ಪ ಒಂದು ಕೈಯಲ್ಲಿ ಉಣ್ಣುತ್ತ ಇನ್ನೊಂದರಲ್ಲಿ ಗೀಟು ಹಾಕುತ್ತಿದ್ದ. ಅವಳು ಬಹಳ ಹೊತ್ತು ಮೋರಿಯ ಮೇಲಿನ ಕಪ್ಪು ಹಲಗೆಯನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಅವಳು ಎಲ್ಲಿ ಹೋದಳೋ ಅವನು ಗಮನಿಸಲಿಲ್ಲ. ನೂರ ನಲವತ್ತೈದು, ನೂರ ನಲವತ್ತಾರು. ನೂರ ನಲವತ್ತೇಳನೆಯ ಗೀಟು ಹಾಕಿದ ಮೇಲೆ, ಆ ಬೆಲ್ಲಿನ ಸದ್ದು ಎಲ್ಲೋ ಕೇಳಿದಂತಿದೆಯಲ್ಲ ಎಂದು ತಲೆಯೆತ್ತಿದ. ಅವನದೇ ಸೈಕಲ್. ಹತ್ತಿದ್ದವಳು ಅವಳು. ಹ್ಯಾಂಡಲನ್ನು ಹಾವಿನ ಕುತ್ತಿಗೆಯಂತೆ ಬಿಗಿಹಿಡಿದು, ಹಲಗೆ ದಾಟುವಾಗ ಕಣ್ಣು ಮುಚ್ಚಿ, ದಾಟಿದ ಮೇಲೆ ತೆರೆದು, ಸೇತುವೆಯ ಏರು ಹತ್ತುತ್ತಿದ್ದಳು. ಮೇಲಿನಿಂದ ಟೈಲರಕ್ಕ ಚಪ್ಪಾಳೆ ತಟ್ಟುವುದು ಕೇಳಿಸಿತು.

ಅರ್ಜಿಯಪ್ಪನ ಪೆನ್ಸಿಲ್ಲಿನ ಮೊನೆ ಪಟ್ಟನೆ ಮುರಿಯಿತು. ಅದನ್ನು ಕೆತ್ತುವ ನೆಪದಲ್ಲಿ ಅವನು ಸ್ವಲ್ಪ ಹೊತ್ತು ತಲೆ ತಗ್ಗಿಸಿಯೇ ಕುಳಿತಿದ್ದ.

ನಾಲ್ಕೂಮುಕ್ಕಾಲಿಗೆ ಹಾಳೆಯಲ್ಲಿ ನೂರ ತೊಂಬತ್ತೊಂಬತ್ತು ಗೀಟುಗಳಿದ್ದವು. ಅಲ್ಲಿಗೆ ನಿಂತಿತು. ರಸ್ತೆ ತುಂಬ ಸೈಕಲ್ಲುಗಳು ಗಿರಗಿರ ತಿರುಗುತ್ತಿದ್ದವು, ಆದರೆ ಎಲ್ಲವೂ ಎಣಿಸಿ ಮುಗಿದ ಮುಖಗಳು.

"ಹಾಕಿಬಿಡಿ ಅಣ್ಣ, ಒಂದೇ ಒಂದು!" ಎಂದು ಕ್ಷೌರಿಕ ಕೈಮುಗಿದ. "ಒಂದರ ವ್ಯತ್ಯಾಸ ಗಣಿತದಲ್ಲೂ ಕ್ಷಮ್ಯ" ಎಂದು ಮೇಷ್ಟ್ರು ಜೀವಮಾನದಲ್ಲೇ ಮೊದಲ ಸಲ ಸುಳ್ಳು ಹೇಳಿದರು. ಎಣಿಸುವವನು ಲೆಕ್ಕಕ್ಕೆ ಸೇರುವ ಹಾಗಿಲ್ಲ ಎಂದು ತನ್ನನ್ನೇ ಹೊರಗಿಟ್ಟಿದ್ದ ಅರ್ಜಿಯಪ್ಪ ಇದಕ್ಕೂ ಒಪ್ಪಲಿಲ್ಲ. ಹೆಂಡತಿ ಅವನ ಮುಖ ನೋಡಿದಳು, ಗಡಿಯಾರ ನೋಡಿದಳು, ಮತ್ತೆ ಸೈಕಲ್ ಹತ್ತಿ ಅಂಚೆ ಕಚೇರಿಯ ಕಡೆಗೆ ಹೊರಟಳು.

ಅತ್ತ ಅಂಚೆ ಕಚೇರಿಯ ಮುಂದೆ ನಗರಸಭೆಯ ಜೀಪೊಂದು ಸೈಕಲ್ಲುಗಳ ಹಿಂಡಿನಲ್ಲಿ ಸಿಕ್ಕಿಕೊಂಡು ನಿಂತಿತ್ತು. ಡೊಳ್ಳುಹೊಟ್ಟೆಯ ಯಾರೋ ಒಬ್ಬರು ಕಿಟಕಿಯಿಂದ ತಲೆ ಹಾಕಿ ಚಡಪಡಿಸುತ್ತಿದ್ದರು. ಅವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಮುಖ ಹೊಸದು, ಅವಳಿಗೆ ಅಷ್ಟೇ ಬೇಕಾಗಿದ್ದದ್ದು.

"ಯಾಕೆ ಸಾರ್ ಅಲ್ಲಿ ಬೇಯ್ತಾ ಕೂತಿದೀರಿ? ತಗೊಳ್ಳಿ ಸೈಕಲ್. ಸೇತುವೆ ತನಕ ಹೋಗಿಬಿಡಿ. ನಮ್ಮನೆಯವರಿಗೆ ಒಬ್ಬರು ಕಮ್ಮಿ ಬಿದ್ದಿದಾರೆ."

ಐದಕ್ಕೆ ಎರಡು ನಿಮಿಷ ಇರುವಾಗ ಇನ್ನೂರನೆಯ ಸವಾರ ಕಾಣಿಸಿಕೊಂಡ. ಮುಖ ಟೊಮೇಟೊದಂತೆ ಕೆಂಪಾಗಿತ್ತು, ಅಂಗಿಯ ಗುಂಡಿಯೊಂದು ಹಾರಿಹೋಗಿತ್ತು, ಬಾಯಿ ಕಿವಿಯಿಂದ ಕಿವಿಗೆ ಅಗಲವಾಗಿತ್ತು. ಅರ್ಜಿಯಪ್ಪ ಮೊದಲು ಗೀಟು ಹಾಕಿದ. ಆಮೇಲೆ ಎದ್ದು ನಿಂತು, "ಸಾ... ಸಾರ್!" ಎಂದ.

ಸುತ್ತಲಿದ್ದವರೆಲ್ಲ ಕೇಕೆ ಹಾಕಿದರು. ಕ್ಷೌರಿಕ ಪೊಲೀಸಿನವನನ್ನು ತಬ್ಬಿಕೊಂಡ.

"ಮೂವತ್ತು ವರ್ಷ ಆಗಿತ್ತು ಕಣ್ರೀ ಸೈಕಲ್ ಹತ್ತಿ!" ಇಂಜಿನಿಯರ್ ಸಾಹೇಬರು ಏದುಸಿರು ಬಿಡುತ್ತಲೇ ಹೇಳಿದರು. "ಇನ್ನೂರಾಯ್ತಾ? ಭೇಷ್! ಕೊಡಿ ಇಲ್ಲಿ ಕಡತ."

ನಿಂತಲ್ಲೇ ಬರೆದರು. ಅರ್ಜಿಯಪ್ಪ ಅವರ ಭುಜದ ಮೇಲಿನಿಂದ ಇಣುಕಿದ. ದುಂಡನೆಯ ಅಕ್ಷರಗಳಲ್ಲಿ ಹೀಗಿತ್ತು: "ಖುದ್ದಾಗಿ ಸವಾರಿ ಮಾಡಿ ಪರಿಶೀಲಿಸಲಾಗಿದೆ. ಈ ರಸ್ತೆ ಸೈಕಲ್ ಸವಾರರಿಗೆ ಈಗಾಗಲೇ ಅತ್ಯಂತ ಅನುಕೂಲಕರವಾಗಿದೆ. ಪ್ರತ್ಯೇಕ ಪಥದ ಅಗತ್ಯ ಕಂಡುಬರುವುದಿಲ್ಲ."

"ಸಾರ್! ಅದೆಲ್ಲ ಇವತ್ತು ಮಾಡಿದ್ದು ಸಾರ್! ಆ ಹಲಗೆ ಮೇಷ್ಟ್ರ ಮನೇದು!"

"ಯಾರ ಮನೇದಾದ್ರೇನ್ರೀ? ಮೇಷ್ಟ್ರೇ, ನೀವೇನು ಅದನ್ನ ತೆಗೀತೀರಾ?"

"ತೆಗೆಯೋದೇ? ನಾಳೆ ಮೊಳೆ ಹೊಡೆದು ಭದ್ರ ಮಾಡ್ತೀನಿ!" ಎಂದರು ಮೇಷ್ಟ್ರು ಎದೆಯುಬ್ಬಿಸಿ.

ಅರ್ಜಿಯಪ್ಪ ಹಿಂದಿನಿಂದ ಎರಡೂ ಕೈ ಬೀಸಿ ಬೇಡ ಬೇಡ ಎಂದು ಸನ್ನೆ ಮಾಡಿದ. ಅದನ್ನು ಮೆಚ್ಚುಗೆ ಎಂದುಕೊಂಡ ಟೈಲರಕ್ಕ, "ಬೆಂಚೂ ಅಲ್ಲೇ ಇರತ್ತೆ ಸಾರ್, ದಿನಾ ನೀರು ತುಂಬಿಸಿಡ್ತೀನಿ" ಎಂದಳು. "ಪಂಪ್ ನಂದು" ಎಂದ ಕ್ಷೌರಿಕ. ಪೊಲೀಸಿನವನು ಸೆಲ್ಯೂಟ್ ಹೊಡೆದು, "ಬಸ್ ನಿಲ್ಲಿಸೋದು ನನ್ನ ಡ್ಯೂಟಿ ಸಾರ್!" ಎಂದ.

"ನೋಡಿದ್ರಾ?" ಇಂಜಿನಿಯರ್ ಸಾಹೇಬರು ಕಡತ ಮಡಚಿದರು. "ಇಂಥ ಜನ ಇರುವಾಗ ಪಥ ಯಾಕ್ರೀ? ಊರಲ್ಲಿ ಇನ್ನೂ ನಲವತ್ತೊಂದು ರಸ್ತೆ ಇದೆ. ಎಲ್ಲಾ ಕಡೆ ಹೀಗೇ ಎಣಿಕೆ ಆಗ್ಬೇಕು. ನಾಳೆಯಿಂದ ನೀವೇ ಕೂತ್ಕೊಳ್ಳಿ. ದೂರ ದೂರ ಓಡಾಡ್ಬೇಕು, ಕುರ್ಚಿ ಹೊರ್ಬೇಕು, ಅದಕ್ಕೆ ನನ್ನ ಜೀಪ್ ಇಟ್ಕೊಳ್ಳಿ. ನಾನು ಈಗಲೇ ಹೋಗಿ ಒಂದು ಸೈಕಲ್ ತಗೊಳ್ತೀನಿ."

ಅಷ್ಟರಲ್ಲಿ ನಡೆದುಕೊಂಡು ಬಂದ ಹೆಂಡತಿ, ಇಂಜಿನಿಯರ್ ಸಾಹೇಬರ ಕೈಯಿಂದ ಸೈಕಲ್ ಇಸಿದುಕೊಂಡಳು. ಕೆನ್ನೆ ಬೆವೆತಿತ್ತು, ಕೂದಲು ಕೆದರಿತ್ತು.

"ಹೇಗೂ ನಿಮಗೆ ಜೀಪ್ ಬಂತಲ್ಲ. ಇನ್ಮೇಲೆ ಇದು ನನಗಿರ್ಲಿ" ಎಂದಳು.

ಅರ್ಜಿಯಪ್ಪ ಅವಳ ಮುಖ ನೋಡಿದ. ಆ ಮುಖದ ಮೇಲೆ ಅಂಥ ಕಳೆ ಕಂಡು ಮೂರು ವರ್ಷವಾಗಿತ್ತು.

ಸೈಕಲ್ಲುಗಳ ಹಿಂಡಿನಿಂದ ಕೊನೆಗೂ ಬಿಡಿಸಿಕೊಂಡು ಬಂದ ಜೀಪಿಗೆ ಕುರ್ಚಿಯನ್ನು ಏರಿಸಿ, ಅದರ ಪಕ್ಕ ತಾನೂ ಒಂದು ಕುರ್ಚಿಯ ಹಾಗೆ ಕುಳಿತು ಅವನು ಮನೆಗೆ ಹೊರಟ. ಹತ್ತು ಗಜ ಹೋಗುವಷ್ಟರಲ್ಲಿ ಪೊಲೀಸಿನವನ ಕೈ ಅಡ್ಡ ಬಂತು. ಜೀಪಿನ ಮುಂದೆ ನಲವತ್ತು ಐವತ್ತು ಸೈಕಲ್ಲುಗಳು ಆರಾಮಾಗಿ ಮಾತಾಡಿಕೊಂಡು ಹೋಗುತ್ತಿದ್ದವು. ಡ್ರೈವರ್ ಹಾರ್ನಿನ ಮೇಲೆ ಕೈ ಇಟ್ಟ.

"ಹೊಡೀಬೇಡಪ್ಪ" ಎಂದ ಅರ್ಜಿಯಪ್ಪ.

"ಹೀಗಾದ್ರೆ ಮನೆ ಸೇರೋದು ಯಾವಾಗ ಸಾರ್?"

"ನಿಧಾನಕ್ಕೆ ಸೇರೋಣ. ಮುಂದೆ ನಮ್ಮನೆಯವಳಿದ್ದಾಳೆ."

ಅವನು ಮನೆ ಮುಟ್ಟುವ ಹೊತ್ತಿಗೆ ಅವಳು ಬಂದು, ಮುಖ ತೊಳೆದು, ಚಹಾ ಮಾಡಿ ಕುಡಿದು, ಲೋಟವನ್ನೂ ತೊಳೆದು ಬೋರಲು ಹಾಕಿಟ್ಟಿದ್ದಳು.